ತಾತನ ಕೋವಿ ಮತ್ತು ದೀಪದ ಕಾಡಿಗೆ

ಪ್ರಶ್ನೆ: ನಮ್ಮ ಮನೆಯಲ್ಲಿ ತಾತನ ಕಾಲದ ಜೋಡಿ ನಳಿಗೆಯ ಕೋವಿ ಇದೆ. ಊರು ಬಿಟ್ಟು ಹೊರಟ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ಕೊಂಡದ್ದಂತೆ. ನಳಿಗೆಯ ಮೇಲೆ ಲಂಡನ್ ವಿಳಾಸ, ಪಕ್ಕದಲ್ಲಿ ಚಿನ್ನದಲ್ಲಿ ಕೂರಿಸಿದ '2' ಇದೆ. ನಮ್ಮ ಕೊಡಗಿನ ಆಯುಧಪೂಜೆ ಕೈಲ್ ಮುಹೂರ್ತಕ್ಕೆ ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ, ಅಷ್ಟೇ. ಇಂಥದ್ದು ಹೊಸದಾದರೆ ಒಂದು ಮನೆಯ ಬೆಲೆ ಅಂತಾನೆ ಅಳಿಯ. ಅಷ್ಟೇನಿದೆ ಅದರಲ್ಲಿ? ಬಿಚ್ಚಿ ಎಣ್ಣೆ ಹಾಕಿಸಬಹುದೇ? ಈಡು ಹೊಡೆಯಬಹುದೇ?
— ಓದುಗರು, ವಿರಾಜಪೇಟೆ

ಉತ್ತರ: ಅಳಿಯ ಹೇಳಿದ್ದು ಸುಳ್ಳಲ್ಲ. ಲಂಡನ್ನಿನಲ್ಲಿ 1814ರಿಂದ ಇರುವ ಕೋವಿ ತಯಾರಕರು ಪರ್ಡಿಯಂಥವರಲ್ಲಿ ಇವತ್ತು ಒಂದು ಕೋವಿ ಮಾಡಿಸಿದರೆ ಲಕ್ಷ ಪೌಂಡ್ ದಾಟುತ್ತದೆ. ದುಡ್ಡು ಕೊಟ್ಟ ಕೂಡಲೇ ಸಿಗುವುದೂ ಇಲ್ಲ. ಮೇಲಿನ ಹೂಬಳ್ಳಿ ಕೆತ್ತನೆಗೇ ಅಷ್ಟು ಬೆಲೆ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಜಾಸ್ತಿ ದುಡ್ಡು ಹೋಗುವುದು ಕಣ್ಣಿಗೆ ಕಾಣದ ಕಡೆ.

ನಳಿಗೆಯವನು ಬೇರೆ, ಆಕ್ಷನ್ (ನಳಿಗೆಯ ಬುಡ ಕೂತು ಮುಚ್ಚಿಕೊಳ್ಳುವ, ಈಡು ಹಾರಿಸುವ ಲೋಹದ ಭಾಗ) ಮಾಡುವವನು ಬೇರೆ, ಮರ ಕೂರಿಸುವವನು ಬೇರೆ. ಆಕ್ಷನ್ ಮಾಡುವವನ ಮೇಜಿನ ಮೇಲೆ ಸೀಮೆಎಣ್ಣೆ ದೀಪವೊಂದು ಸದಾ ಹೊಗೆಯಾಡುತ್ತಿರುತ್ತದೆ. ನಳಿಗೆಯ ಬುಡವನ್ನು ಆ ಹೊಗೆಗೆ ಹಿಡಿದು ಕಾಡಿಗೆ ಕೂರಿಸುತ್ತಾನೆ. ಆಕ್ಷನ್ನಿನೊಳಗೆ ಇಟ್ಟು ಮುಚ್ಚುತ್ತಾನೆ, ತೆಗೆಯುತ್ತಾನೆ. ಕಾಡಿಗೆ ಎಲ್ಲಿ ಅಂಟಿದೆಯೋ ಅಲ್ಲಿ ಲೋಹ ಎತ್ತರವಿದೆ ಎಂದರ್ಥ. ಅಲ್ಲಿ ಅರದಿಂದ ಒಂದೇ ಒಂದು ಎಳೆತ. ಮತ್ತೆ ಹೊಗೆ, ಮತ್ತೆ ಮುಚ್ಚುವುದು. ಎಲ್ಲ ಕಡೆ ಒಂದೇ ಸಮನೆ ಕಪ್ಪು ಅಂಟುವವರೆಗೆ ಇದೇ ಕೆಲಸ. ಅಕ್ರೋಟ್ ಮರದ ಹಿಡಿಯಲ್ಲಿ ಕಬ್ಬಿಣ ಕೂರಿಸುವವನದೂ ಇದೇ ಕಥೆ, ಅವನ ಕೈಯಲ್ಲಿ ಅರದ ಬದಲು ಉಳಿ. ಈಗ ಒರಟು ಕೆಲಸ ಯಂತ್ರ ಮಾಡುತ್ತದೆ. ಕೊನೆಯ ಕೂದಲೆಳೆಯಷ್ಟನ್ನು ಮಾತ್ರ ಇನ್ನೂ ಈ ಕಾಡಿಗೆಯೇ ತೋರಿಸಬೇಕು.

ಹಿಡಿಯನ್ನು ಮೇಲಿನಿಂದ ನೋಡಿ. ಸ್ವಲ್ಪ ಬಲಕ್ಕೆ ವಾಲಿದೆ ಅಲ್ವಾ? ಅದು ಡೊಂಕಲ್ಲ. ಬಲಗೈಯವನ ಕಣ್ಣು ನಳಿಗೆಯ ಸಾಲಿಗೆ ನೇರ ಬರಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು. ಅಂಗಿ ಹೊಲಿಯುವ ಮೊದಲು ಅಳತೆ ತೆಗೆಯುವ ಹಾಗೆ ಗಿರಾಕಿಯ ತೋಳು, ಕತ್ತು, ಭುಜ ಎಲ್ಲ ಅಳೆಯುತ್ತಿದ್ದರು.

ಇನ್ನು ಬಿಚ್ಚುವ ಮಾತು. ದಯವಿಟ್ಟು ಬೇಡ. ತಿರುಪುಗಳ ತಲೆಯ ಗೀರು ನೋಡಿ, ಬಹುಪಾಲು ನಳಿಗೆಯ ದಿಕ್ಕಿಗೇ ಸಾಲಾಗಿ ನಿಂತಿರುತ್ತವೆ. ತಿರುಪು ಪೂರ್ತಿ ಬಿಗಿದಾಗ ಗೀರು ಸರಿಯಾಗಿ ಅಲ್ಲೇ ನಿಲ್ಲುವಂತೆ ಒಂದೊಂದನ್ನೂ ಕೂರಿಸಿರುತ್ತಾರೆ. ಅದಕ್ಕೆ ತಿರುಪುಳಿಯನ್ನೂ ಆಯಾ ಗೀರಿನ ಅಳತೆಗೆ ಅರೆದುಕೊಳ್ಳಬೇಕು. ಸೈಕಲ್ ರಿಪೇರಿಯ ತಿರುಪುಳಿ ಹಾಕಿ ಗೀರುಗಳನ್ನೆಲ್ಲ ಕಿತ್ತು ಹಾಕಿದ ಒಂದು ಕೋವಿ ನನ್ನ ಮುಂದೆ ಬಂದಿತ್ತು. ನೋಡಿ ಹೊಟ್ಟೆ ಉರಿಯಿತು. ತಿರುಪು ಮುಟ್ಟದೆ ನಳಿಗೆ ಮಾತ್ರ ಕಳಚಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಸಾಕು. ಕಳಚಿದಾಗ ಒಂದು ಪರೀಕ್ಷೆಯನ್ನೂ ಮಾಡಿ. ನಳಿಗೆಯನ್ನು ಬುಡದ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿ. ಗಂಟೆಯ ಹಾಗೆ ಕೊಂಯ್ ಅಂದರೆ ಒಳ್ಳೆಯದು. ಒಡಕು ಮಡಕೆಯ ಸದ್ದು ಬಂದರೆ ನಳಿಗೆಗಳ ನಡುವಿನ ಬೆಸುಗೆ ಎಲ್ಲೋ ಬಿಟ್ಟಿರಬಹುದು.

ಈಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬ್ರಿಟನ್ನಿನಲ್ಲಿ ಪ್ರೂಫ್, ಅಂದರೆ ಬಲಪರೀಕ್ಷೆ, ಆಗದ ಕೋವಿ ಮಾರುವ ಹಾಗಿಲ್ಲ. ಲಂಡನ್, ಬರ್ಮಿಂಗ್‌ಹ್ಯಾಮ್ ಎರಡೂ ಕಡೆ ಪ್ರೂಫ್ ಹೌಸ್ ಇದೆ. ಬರ್ಮಿಂಗ್‌ಹ್ಯಾಮಿನದು 1813ರದು. ಅಲ್ಲಿ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು ನೋಡಿ, ಆಮೇಲೆ ನಳಿಗೆಯ ಬುಡದಲ್ಲಿ ಕಿರೀಟದ ಮುದ್ರೆ ಒತ್ತುತ್ತಾರೆ. ನಿಮ್ಮದು ಹಳೆಯ ಕಪ್ಪು ಮದ್ದಿಗೆ ಮಾತ್ರ ಪ್ರೂಫ್ ಆಗಿದ್ದರೆ ಈಗಿನ ತೋಟೆ ಹಾಕಲೇಬಾರದು. ಆ ಕಾಲದ ಎಷ್ಟೋ ಕೋವಿಗಳ ತೋಟೆಮನೆ (ತೋಟೆ ಕೂರುವ ಜಾಗ) 2½ ಇಂಚು, ಈಗಿನ ತೋಟೆ ಸಾಮಾನ್ಯವಾಗಿ 2¾. ಉದ್ದದ ತೋಟೆ ಸುಮ್ನೆ ಒಳಗೆ ಹೋಗಿಬಿಡುತ್ತದೆ, ಅದೇ ಮೋಸ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿರದೆ ಒತ್ತಡ ಏರುತ್ತದೆ. ಬಲ್ಲವರು ಅಳೆದು ಹೇಳುವವರೆಗೆ ಪೂಜೆಯೇ ಸಾಕು.

ಕೊನೆಗೆ ಆ ಚಿನ್ನದ '2'. ನಿಮ್ಮದು ಜೋಡಿ ಕೋವಿಗಳಲ್ಲಿ ಎರಡನೆಯದು! ಅಲ್ಲಿನ ಹಕ್ಕಿ ಬೇಟೆಯಲ್ಲಿ ದೊರೆ ಒಂದರಿಂದ ಹೊಡೆಯುವಾಗ ಹಿಂದೆ ನಿಂತ ಆಳು ಇನ್ನೊಂದಕ್ಕೆ ತೋಟೆ ತುಂಬಿ ಕೊಡುತ್ತಿದ್ದ. ಕೈಗೆ ವ್ಯತ್ಯಾಸ ಗೊತ್ತಾಗಬಾರದೆಂದು ತೂಕ, ಸಮತೋಲ ಎಲ್ಲ ಒಂದೇ ಥರ ಮಾಡುತ್ತಿದ್ದರು, ಸಾಧ್ಯವಾದರೆ ಒಂದೇ ಮರದಿಂದ ಎರಡೂ ಹಿಡಿ. ಕೋವಿಯ ಮೇಲೆ ಕ್ರಮಸಂಖ್ಯೆ ಇರುತ್ತದೆ. ತಯಾರಕರು ಈಗಲೂ ಇದ್ದರೆ ಅದನ್ನು ಬರೆದು ಕಳಿಸಿ. ಹಳೆಯ ಲೆಕ್ಕದ ಪುಸ್ತಕ ಉಳಿದಿದ್ದರೆ ಯಾವ ವರ್ಷ, ಯಾರಿಗೆ ಮಾಡಿದ್ದು ಅಂತ ಹೇಳುತ್ತಾರೆ. '1' ಎಲ್ಲಿ ಹೋಯಿತು ಅನ್ನುವುದಕ್ಕೂ ಅಲ್ಲಿಂದಲೇ ಶುರು ಮಾಡಬೇಕು.