ಅಪ್‌ಡೇಟ್ ಆದರೆ ಸರ್ವೀಸ್ ಫೈಲಿನ ಸಾಲು ಮಾಯ

ಪ್ರಶ್ನೆ: ಕೋಲಾರ ಎಪಿಎಂಸಿಯಲ್ಲಿ ನಮ್ಮದು ಟೊಮೆಟೊ ಮಂಡಿ. ಬಿಲ್ಲಿಂಗ್ ಪ್ರೋಗ್ರಾಂ ಉಬುಂಟುವಿನಲ್ಲಿ ಸಿಸ್ಟಮ್‌ಡಿ (ಹಿನ್ನೆಲೆಯ ಪ್ರೋಗ್ರಾಂಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವೀಸ್ ಆಗಿ ಓಡುತ್ತದೆ, ಡೇಟಾಬೇಸ್ ಇನ್ನೊಂದು ಕಂಪ್ಯೂಟರಿನಲ್ಲಿದೆ. ಕರೆಂಟ್ ಹೋಗಿ ಬಂದರೆ ಬಿಲ್ಲಿಂಗ್ ಶುರುವಾಗುವುದಿಲ್ಲ. ಲಿಬ್ ಡೈರೆಕ್ಟರಿಯ ಸರ್ವೀಸ್ ಫೈಲಿಗೆ ‘ರೀಸ್ಟಾರ್ಟ್=ಆನ್-ಫೇಲ್ಯೂರ್’ (ವಿಫಲವಾದರೆ ಮತ್ತೆ ಶುರುಮಾಡು) ಸೇರಿಸಿದರೂ ಸರಿಹೋಗಲಿಲ್ಲ. ಅಪ್‌ಡೇಟ್ ಆದ ಮೇಲೆ ಆ ಸಾಲೂ ಇಲ್ಲ. ಏನು ಮಾಡಲಿ?

ಉತ್ತರ: ಲಿಬ್‌ನಲ್ಲಿರುವ ಫೈಲ್ ಪ್ಯಾಕೇಜಿನದು. ಹೊಸ ಆವೃತ್ತಿ ಬಂದಾಗ ನಿಮ್ಮನ್ನು ಕೇಳದೆಯೇ ಅದನ್ನು ಬದಲಿಸುತ್ತದೆ. ಅಲ್ಲಿ ಕೈ ಹಾಕಲೇಬೇಡಿ. ನಿಮ್ಮ ತಿದ್ದುಪಡಿ ಇರಬೇಕಾದ ಜಾಗ ಇಟಿಸಿ ಡೈರೆಕ್ಟರಿ.

ಅಲ್ಲಿ ತಿದ್ದುಪಡಿಯ ಫೈಲ್ ಮಾಡಲು ‘ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಬಿಲ್ಲಿಂಗ್’ ಎಂದು ಕೊಡಿ (ನಿಮ್ಮ ಸರ್ವೀಸಿನ ಹೆಸರು ಬೇರೆಯಿದ್ದರೆ ಅದನ್ನು ಹಾಕಿ). ಈಚಿನ ಆವೃತ್ತಿಗಳಲ್ಲಿ ತೆರೆಯುವ ಫೈಲಿನಲ್ಲಿ ಎರಡು ಕಾಮೆಂಟ್ ಸಾಲುಗಳಿರುತ್ತವೆ. ಅವೆರಡರ ನಡುವೆಯೇ ಬರೆಯಬೇಕು, ಕೆಳಗಿನ ಕಾಮೆಂಟಿನ ನಂತರ ಬರೆದದ್ದು ಉಳಿಯುವುದಿಲ್ಲ. ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ‘ಸರ್ವೀಸ್’ ಎಂಬ ತಲೆಬರಹ ಬೇಕೇ ಬೇಕು. ಅದರಡಿ ‘ರೀಸ್ಟಾರ್ಟ್=ಆನ್-ಫೇಲ್ಯೂರ್’, ಮುಂದಿನ ಸಾಲಿನಲ್ಲಿ ‘ರೀಸ್ಟಾರ್ಟ್‌ಸೆಕ್=10’ (ಮತ್ತೆ ಶುರುಮಾಡುವ ಮುನ್ನ 10 ಸೆಕೆಂಡು ಕಾಯಿ).

ನೀವು ಬಿಟ್ಟಿದ್ದು ಈ ಎರಡನೆಯ ಸಾಲನ್ನು. ಅದಿಲ್ಲದಿದ್ದರೆ ಸಿಸ್ಟಮ್‌ಡಿ ಕಾಯುವುದು ಬರೀ 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಶುರುಮಾಡಿಯೂ ಪ್ರೋಗ್ರಾಂ ಓಡುತ್ತ ಉಳಿಯದಿದ್ದರೆ ಕೈಬಿಡುತ್ತದೆ, ಇದೂ ಡೀಫಾಲ್ಟ್ ಮಿತಿಯೇ. ಡೇಟಾಬೇಸ್ ಕಂಪ್ಯೂಟರ್ ಇನ್ನೂ ಬೂಟ್ ಆಗುತ್ತಿರುವಾಗಲೇ ಐದೂ ಯತ್ನ ಮುಗಿದಿರುತ್ತವೆ. 10 ಸೆಕೆಂಡಿನ ಅಂತರ ಕೊಟ್ಟರೆ ಆ ಮಿತಿ ತಟ್ಟುವುದೇ ಇಲ್ಲ, ಡೇಟಾಬೇಸ್ ಸಿಗುವತನಕ ಯತ್ನ ನಡೆಯುತ್ತಲೇ ಇರುತ್ತದೆ. ‘ಆಫ್ಟರ್=’ (ಇಂಥದ್ದರ ನಂತರ ಶುರುಮಾಡು) ಹಾಕಿ ಎಂದು ಯಾರಾದರೂ ಹೇಳಿಯಾರು. ಅದಕ್ಕೆ ಗೊತ್ತಿರುವುದು ಇದೇ ಕಂಪ್ಯೂಟರಿನ ಸರ್ವೀಸ್‌ಗಳು ಮಾತ್ರ, ಪಕ್ಕದ ಕಂಪ್ಯೂಟರಿನ ಡೇಟಾಬೇಸನ್ನು ಅದು ಕಾಯದು.

ಡೇಟಾಬೇಸ್ ಸಿಗದಿದ್ದರೂ ಪ್ರೋಗ್ರಾಂ ಸೊನ್ನೆ ಕೋಡಿನೊಂದಿಗೆ (ಎಲ್ಲ ಸರಿಯಾಗಿದೆ ಎಂಬ ಸೂಚನೆ) ಮುಗಿದರೆ ಸಿಸ್ಟಮ್‌ಡಿ ಅದನ್ನು ವೈಫಲ್ಯವೆಂದು ಎಣಿಸುವುದಿಲ್ಲ. ಆಗ ‘ಆನ್-ಫೇಲ್ಯೂರ್’ ಬದಲು ‘ಆಲ್ವೇಸ್’ ಹಾಕಿ.

ಸೇವ್ ಮಾಡಿ ಹೊರಬಂದರೆ ಎಡಿಟ್ ಕಮಾಂಡೇ ರೀಲೋಡ್ ಮಾಡುತ್ತದೆ, ಎಂದರೆ ಸಿಸ್ಟಮ್‌ಡಿ ಫೈಲುಗಳನ್ನು ಮತ್ತೆ ಓದುವಂತೆ ಮಾಡುತ್ತದೆ. ನ್ಯಾನೋ ಎಂಬ ಎಡಿಟರಿನಲ್ಲಿ ಫೈಲನ್ನು ನೇರವಾಗಿ ತಿದ್ದಿದ್ದರೆ ಮಾತ್ರ ‘ಡೀಮನ್-ರೀಲೋಡ್’ ನೀವೇ ಕೊಡಬೇಕು. ‘ಸಿಸ್ಟಮ್‌ಸಿಟಿಎಲ್ ಕ್ಯಾಟ್ ಬಿಲ್ಲಿಂಗ್’ ಕೊಟ್ಟು ಮೂಲ ಫೈಲಿನ ಕೆಳಗೆ ನಿಮ್ಮ ಸಾಲುಗಳು ಕಾಣುತ್ತವೆಯೇ ನೋಡಿ, ಆಮೇಲೆ ಸರ್ವೀಸ್ ರೀಸ್ಟಾರ್ಟ್ ಮಾಡಿ. ಪರೀಕ್ಷೆಗೆ, ಮಂಡಿಯಲ್ಲಿ ಹರಾಜಿಲ್ಲದ ಹೊತ್ತಿನಲ್ಲಿ ಎರಡೂ ಕಂಪ್ಯೂಟರ್ ಆರಿಸಿ, ಬಿಲ್ಲಿಂಗಿನದನ್ನು ಮೊದಲು ಆನ್ ಮಾಡಿ. ‘ಜರ್ನಲ್‌ಸಿಟಿಎಲ್ -ಯು ಬಿಲ್ಲಿಂಗ್ -ಬಿ’ ಎಂದರೆ ಪ್ರತಿ ಯತ್ನವೂ ಸಮಯದೊಂದಿಗೆ ಕಾಣುತ್ತದೆ.

ಮುಂದೆ ಇದೇ ಫೈಲಿನಲ್ಲಿ ‘ಎಕ್ಸೆಕ್‌ಸ್ಟಾರ್ಟ್’ (ಪ್ರೋಗ್ರಾಂ ಶುರುಮಾಡುವ ಕಮಾಂಡ್) ಬದಲಿಸುವುದಿದ್ದರೆ, ಮೊದಲು ‘ಎಕ್ಸೆಕ್‌ಸ್ಟಾರ್ಟ್=’ ಎಂದು ಖಾಲಿ ಸಾಲು ಬರೆದು, ಅದರ ಕೆಳಗೆ ಹೊಸದನ್ನು ಬರೆಯಿರಿ. ಇಲ್ಲವಾದರೆ ಹಳೆಯದೂ ಹೊಸದೂ ಎರಡೂ ಸೇರಿಕೊಂಡು, ‘ಒನ್‌ಶಾಟ್’ (ಒಮ್ಮೆ ಓಡಿ ಮುಗಿಯುವ) ಬಗೆಯದಲ್ಲದ ಸರ್ವೀಸ್ ಶುರುವಾಗುವುದೇ ಇಲ್ಲ.