ರೀಮ್ಯಾಪ್ ಆದ ಡೀಸೆಲ್ ಕಾರಿಗೆ ಯಾವ ಫ್ಲೈವೀಲ್?

ನಿಮ್ಮ 2.0 ಟಿಡಿಐ ಆಕ್ಟೇವಿಯಾ ದಿನವೂ ಕಚೇರಿಗೆ ಓಡುವ ಕಾರು, ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಆದ ಮೇಲೆ ಕ್ಲಚ್ ಜಾರುತ್ತಿದೆ, ಸಿಂಗಲ್ ಮಾಸ್ ಫ್ಲೈವೀಲ್ (ಎಂಜಿನ್ ಮತ್ತು ಕ್ಲಚ್ ನಡುವಿನ, ಒಂದೇ ಗಟ್ಟಿ ತಟ್ಟೆಯ ಭಾರದ ಚಕ್ರ) ಹಾಕಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಜಾರುತ್ತಿರುವುದು ಕ್ಲಚ್. ಮೂಲದಲ್ಲಿ 320 ನ್ಯೂಟನ್ ಮೀಟರ್ ಇದ್ದ ಟಾರ್ಕ್ (ತಿರುಗಿಸುವ ಬಲ) ಏರಿದಾಗ, ಕ್ಲಚ್ ಡಿಸ್ಕನ್ನು ಒತ್ತಿ ಹಿಡಿಯುವ ಹಳೆಯ ಪ್ರೆಶರ್ ಪ್ಲೇಟಿನ ಹಿಡಿತ ಸಾಲದೆ ಹೋಗಿದೆ. ಹೆಚ್ಚು ಹಿಡಿತದ ಕ್ಲಚ್ ಹಾಕಿಸಿ, ಈಗಿರುವ ಡ್ಯುಯಲ್ ಮಾಸ್ ಫ್ಲೈವೀಲನ್ನೇ ಉಳಿಸಿಕೊಳ್ಳಿ.

ಅದರ ಎರಡು ತಟ್ಟೆಗಳ ನಡುವಿನ ಬಾಗಿದ ಸ್ಪ್ರಿಂಗುಗಳು ಎಂಜಿನ್ನಿನ ಪ್ರತಿ ಏಟನ್ನೂ ಗೇರ್‌ಬಾಕ್ಸ್ ಮುಟ್ಟುವ ಮೊದಲೇ ಮೆದುಗೊಳಿಸುತ್ತವೆ. ಸಿಂಗಲ್ ಮಾಸ್ ಇದ್ದರೆ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟಾಗ ಗೇರುಗಳು ಕಟಕಟ ಎನ್ನುತ್ತವೆ. ಪೆಡಲ್ ಒತ್ತಿದೊಡನೆ ಸದ್ದು ಅಡಗುತ್ತದೆ. ಡೀಸೆಲ್‌ನಲ್ಲಿ ಇದು ಇನ್ನೂ ಜೋರು. ಟ್ರ್ಯಾಕ್‌ಗೆಂದೇ ಮೀಸಲಿಟ್ಟ ಕಾರಾದರೆ ಮಾತು ಬೇರೆ. ಆಗಲೂ ಸ್ಪ್ರಿಂಗ್ ಇರುವ ಕ್ಲಚ್ ಡಿಸ್ಕನ್ನೇ ಆರಿಸಿ.

ಗೇರ್‌ಬಾಕ್ಸ್ ಇಳಿಸಿದಾಗ ನೀವೂ ಗ್ಯಾರೇಜಿನಲ್ಲಿರಿ. ಫ್ಲೈವೀಲಿನ ಹೊರತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡಿಸಿ: ತಯಾರಕರ ಮಿತಿಗಿಂತ ಹೆಚ್ಚು ಆಡುತ್ತಿದ್ದರೆ, ಗ್ರೀಸ್ ಹೊರಬಂದಿದ್ದರೆ ಹೊಸದೇ ಬೇಕು. ರೀಮ್ಯಾಪ್ ಮಾಡಿದವರಿಗೆ ಕಡಿಮೆ ಆರ್‌ಪಿಎಂನಲ್ಲಿ ಟಾರ್ಕನ್ನು ನಿಧಾನವಾಗಿ ಏರಿಸಲು ಹೇಳಿ. ಆರನೇ ಗೇರಿನಲ್ಲಿ 1300 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ತುಳಿಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆ ಸ್ಪ್ರಿಂಗುಗಳನ್ನು ಬೇಗ ಸವೆಸುವುದು ಅದೇ.