ಸ್ಕಿಜೋಫ್ರೇನಿಯಾ ಇರುವ ನನ್ನ ಅಣ್ಣ ದಿನಕ್ಕೆ ಇಪ್ಪತ್ತು ಸಿಗರೇಟ್ ಸೇದುತ್ತಾನೆ. ಬಿಡಿಸಬಹುದಾ, ಇಲ್ಲಾ ಕಾಯಿಲೆ ಜಾಸ್ತಿಯಾಗುತ್ತಾ?

ಬಿಡಿಸಬಹುದು. ನನ್ನ ತಮ್ಮ ಬಿಟ್ಟಿದ್ದಾನೆ, ಅದೂ ಮೂರನೇ ಸಲಕ್ಕೆ. ಆದರೆ ನಿಮ್ಮ ಅಣ್ಣನ ಸೈಕಿಯಾಟ್ರಿಸ್ಟ್‌ಗೆ ಮೊದಲೇ ಹೇಳಿ. ಬಿಟ್ಟ ಮೇಲಲ್ಲ, ಬಿಡುವ ಮುಂಚೆ. ಹೇಳದೆ ನಾವು ಪಟ್ಟ ಪಾಡು ನಮಗೇ ಗೊತ್ತು.

ತಮ್ಮನಿಗೂ ಇದೇ ಕಾಯಿಲೆ, ಕ್ಲೋಜಪಿನ್ ತಗೋತಾನೆ. ಒಮ್ಮೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಆಪರೇಷನ್, ಹತ್ತು ದಿನ ಆಸ್ಪತ್ರೆ. ಅಲ್ಲಿ ಸಿಗರೇಟ್ ಎಲ್ಲಿಂದ ಬರಬೇಕು? ಅಮ್ಮನಿಗೆ ಒಳಗೊಳಗೇ ಖುಷಿ. ಒಂದು ವಾರ ಕಳೆಯುವಷ್ಟರಲ್ಲಿ ಅವನಿಗೆ ಮಂಪರು ಬಿಡುತ್ತಲೇ ಇರಲಿಲ್ಲ. ಇಡ್ಲಿ ಬಾಯಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದ. ಬೆಳಿಗ್ಗೆ ನೋಡಿದರೆ ಜೊಲ್ಲು ಸುರಿದು ದಿಂಬು, ಅದರ ಮೇಲೆ ಹಾಸಿದ್ದ ಟವೆಲ್ ಎರಡೂ ಒದ್ದೆ. ನೋವಿನ ಮಾತ್ರೆಗೆ ಹಾಗಾಗುತ್ತೆ ಅಂದರು ಅಲ್ಲಿದ್ದವರು. ನನಗೆ ಸಮಾಧಾನವಾಗಲಿಲ್ಲ. ಅವನ ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ "ಸಿಗರೇಟ್ ನಿಂತಿದೆಯಾ?" ಅಂತ.

ಹೊಗೆಯಲ್ಲಿರುವ ಟಾರ್ ನಮ್ಮ ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತದಂತೆ. ಅದು ಕ್ಲೋಜಪಿನ್, ಓಲಾಂಜಪಿನ್ ಮಾತ್ರೆಗಳನ್ನು ಬೇಗ ಬೇಗ ಖಾಲಿ ಮಾಡುತ್ತದೆ. ಹಾಗಾಗಿ ಸೇದುವವರಿಗೆ ಡೋಸ್ ಜಾಸ್ತಿ ಬೇಕಾಗುತ್ತದೆ. ಹೊಗೆ ನಿಂತರೆ ಕೆಲವೇ ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ, ಅದೇ ಡೋಸ್ ವಿಪರೀತವಾಗುತ್ತದೆ. ಫಿಟ್ಸ್ ಕೂಡ ಬರಬಹುದು. ನಮ್ಮ ಡಾಕ್ಟರ್ ಡೋಸ್ ಇಳಿಸಿದ ಮೇಲೆ ಹುಡುಗ ಕಣ್ಣುಬಿಟ್ಟ. ನೀವಾಗಿಯೇ ಇಳಿಸಲು ಹೋಗಬೇಡಿ. ಮತ್ತೆ ಸೇದಲು ಶುರು ಮಾಡಿದರೂ ಹೇಳಿ, ಆಗ ಔಷಧಿ ಸಾಲದೆ ಹೋಗುತ್ತದೆ. ಎಲ್ಲ ಮಾತ್ರೆಗೂ ಹೀಗಲ್ಲ. ರಿಸ್ಪೆರಿಡೋನ್‌ಗೆ ಅಂಥ ವ್ಯತ್ಯಾಸ ಆಗುವುದಿಲ್ಲ.

"ಪಾಪ, ಅವನಿಗಿರೋದು ಅದೊಂದೇ ಸುಖ, ಬಿಟ್ಬಿಡಿ" ಅನ್ನುವ ನೆಂಟರು ನಿಮ್ಮಲ್ಲೂ ಇರಬೇಕು, ಅಲ್ವಾ? ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಇಂಥ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಅದರಲ್ಲಿ ಹೃದಯ, ಶ್ವಾಸಕೋಶದ ಪಾಲು ದೊಡ್ಡದು. ಕಾಯಿಲೆ ಕೆರಳುವ ಭಯ ನನಗೂ ಇತ್ತು. 2016ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ 8,000ಕ್ಕೂ ಹೆಚ್ಚು ಜನರಿದ್ದರು, ಅರ್ಧದಷ್ಟು ಮಾನಸಿಕ ಕಾಯಿಲೆ ಇದ್ದವರೇ. ವರೆನಿಕ್ಲಿನ್‌ನಂಥ ಸಿಗರೇಟ್ ಬಿಡಿಸುವ ಮಾತ್ರೆ ಕೊಟ್ಟಾಗಲೂ, ಬರೀ ಹುಸಿ ಮಾತ್ರೆ ತಗೊಂಡವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಮಾನಸಿಕ ತೊಂದರೆ ಕಾಣಲಿಲ್ಲ. ಆದರೆ ಅವರೆಲ್ಲ ಕಾಯಿಲೆ ಹತೋಟಿಯಲ್ಲಿದ್ದವರು. ನಿಮ್ಮ ಅಣ್ಣನೂ ಸ್ವಲ್ಪ ಸುಧಾರಿಸಿರುವಾಗ ಶುರು ಮಾಡಿ.

ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸ್ನಾನ ಮಾಡಿದರೆ ಒಂದು ಸಿಗರೇಟ್, ಮಾತ್ರೆ ನುಂಗಿದರೆ ಇನ್ನೊಂದು. ವರ್ಷಗಟ್ಟಲೆ ಹಾಗೆ ನಡೆಸಿದ್ದೆವು. ಅದನ್ನು ನಿಲ್ಲಿಸಿ, ಸ್ನಾನ ಆದಮೇಲೆ ಕೃಷ್ಣರಾವ್ ಪಾರ್ಕಿಗೆ ಒಂದು ರೌಂಡ್, ವಾಪಸ್ ಬರುವಾಗ ಬೈಟು ಕಾಫಿ ಅಂತ ಮಾಡಿಕೊಂಡೆವು. ಬೀಡಾ ಅಂಗಡಿ ಇರುವ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆವು. ಅದರ ಜೊತೆ ನಿಕೋಟಿನ್ ಗಮ್. ಮೊದಲ ದಿನ ಬಬಲ್‌ಗಮ್ ಥರ ಕಚಕಚ ಅಗಿದು ಬಿಕ್ಕಳಿಕೆ ಹತ್ತಿಸಿಕೊಂಡ. ನಿಧಾನ ಅಗಿದು, ಚುರುಗುಟ್ಟಿದಾಗ ಕೆನ್ನೆ ಪಕ್ಕ ಒತ್ತರಿಸಿಡಬೇಕು. ಕಾಫಿ ಕುಡಿದ ತಕ್ಷಣ ಹಾಕಿಕೊಂಡರೆ ಉಪಯೋಗವಿಲ್ಲ, ಕಾಲು ಗಂಟೆ ಬಿಡಬೇಕು. ಡೋಸ್ ಏರುಪೇರಾಗುವುದು ಹೊಗೆಯಿಂದ, ನಿಕೋಟಿನ್‌ನಿಂದಲ್ಲ. ಅದಕ್ಕೇ ಗಮ್ ಇದ್ದರೂ ಡಾಕ್ಟರಿಗೆ ಹೇಳುವುದು ತಪ್ಪುವುದಿಲ್ಲ.

ಕಾಫಿದು ಇನ್ನೊಂದು ಕಥೆ. ಬಿಟ್ಟ ಎರಡನೇ ವಾರ ಕೈ ನಡುಕ, ರಾತ್ರಿಯೆಲ್ಲ ಓಡಾಟ. ಕಾಯಿಲೆ ಮರುಕಳಿಸಿತು ಅಂತ ನಾನು ಅತ್ತೇಬಿಟ್ಟೆ. ನೋಡಿದರೆ ಬೈಟು ಲೆಕ್ಕ ತಪ್ಪಿ ಮನೆಯಲ್ಲಿ ದಿನಕ್ಕೆ ಆರು ಲೋಟ ಆಗಿತ್ತು! ಕಾಫಿಯ ಕೆಫೀನ್ ಕರಗಿಸುವುದೂ ಅದೇ ಕಿಣ್ವ, ಹೊಗೆ ನಿಂತು ಅದು ನಿಧಾನವಾದರೆ ಕೆಫೀನೂ ಮೈಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಎರಡು ಲೋಟಕ್ಕೆ ಇಳಿಸಿದ ಮೇಲೆ ನಿದ್ದೆ ಬಂತು. ಮೊದಲ ಎರಡು ಮೂರು ವಾರ ಸಿಡುಕು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಕಿವಿಯಲ್ಲಿ ದನಿ ಕೇಳುವುದು ಜಾಸ್ತಿಯಾದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಿ.

ತಂಬಾಕು ಬಿಡುವವರಿಗೆ 1800-11-2356 ಅಂತ ಉಚಿತ ಫೋನ್ ಇದೆ. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಣ್ಣನೇ ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ.

ಅವರು ಯಾವ ಮಾತ್ರೆ ತಗೋತಾರೆ ಅಂತ ನೀವು ಬರೆದಿಲ್ಲ. ಚೀಟಿ ತೆಗೆದು ನೋಡಿ. ಕ್ಲೋಜಪಿನ್ ಅಥವಾ ಓಲಾಂಜಪಿನ್ ಇದ್ದರೆ, ಒಂದು ಸಿಗರೇಟೂ ಕಡಿಮೆ ಮಾಡಿಸುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.